ಆಟದ ಒಡೆಯರಾರು?

ಮೊಬೈಲು ಮತ್ತು ಗಣಕಯಂತ್ರಗಳ ಪರದೆಯ ಮೇಲೆ ತಂಡಗಳಾಗಿ ಸ್ಪರ್ಧಿಸುವ ಆಟಗಳು ಇಂದು ‘ಇ-ಕ್ರೀಡೆ’ ಎಂಬ ಹೆಸರಿನಿಂದ ಮಾನ್ಯತೆ ಪಡೆದಿವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇವುಗಳನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇವುಗಳಿಗೂ ಪದಕಗಳನ್ನು ನೀಡಲಾಯಿತು. 2025ರ ಆಗಸ್ಟಿನ ಕಾಯಿದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅವುಗಳಿಂದ ಬೇರ್ಪಡಿಸಿತು. ಆದ್ದರಿಂದ ಇದನ್ನು ಜೂಜೆಂದು ಜರಿಯುವುದು ನ್ಯಾಯವಲ್ಲ. ಆದರೆ ಇದರ ಬೆನ್ನಿಗೆ ನಿಂತಿರುವ ಬಂಡವಾಳದ ಸ್ವರೂಪವನ್ನು ನಾವು ಅರಿಯಬೇಕಾಗಿದೆ.

ಕಬಡ್ಡಿಗೆ ಒಡೆಯರಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಉದ್ಯಮಿಗಳು ತಂಡಗಳ ಒಡೆತನ ಪಡೆದರೇ ಹೊರತು ಆಟದ ಒಡೆತನವನ್ನಲ್ಲ. ನಾಳೆ ಆ ಲೀಗು ನಿಂತರೂ ನಮ್ಮ ನೊಣವಿನಕೆರೆಯ ಹುಡುಗರು ಮಣ್ಣಿನಲ್ಲಿ ಗೆರೆಯೆಳೆದು ಕಬಡ್ಡಿ ಆಡಬಲ್ಲರು. ಇ-ಕ್ರೀಡೆಯಲ್ಲಾದರೋ ಆಟವೇ ಒಂದು ಕಂಪನಿಯ ಸ್ವತ್ತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯ ‘ಬಿ.ಜಿ.ಎಂ.ಐ.’ ಆಟವು 2022ರ ಜುಲೈನಲ್ಲಿ ಸರ್ಕಾರದ ಆಜ್ಞೆಯಂತೆ ಹೊಸದಾಗಿ ದೊರೆಯದಂತಾಯಿತು. 2023ರ ಮೇ ತಿಂಗಳಿನಲ್ಲಿ ಅದು ಮರಳುವವರೆಗೆ, ಅದನ್ನೇ ನಂಬಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ತರುಣರ ನೈಪುಣ್ಯಕ್ಕೆ ನೆಲೆಯೇ ಇಲ್ಲವಾಯಿತು.

ಹಣವಂತ ಅಮೆರಿಕದಲ್ಲಿಯೂ ಅನುಭವ ಭಿನ್ನವಾಗಿಲ್ಲ. ‘ಓವರ್‌ವಾಚ್ ಲೀಗ್’ ಎಂಬುದು 2018ರಲ್ಲಿ ಆರಂಭವಾದಾಗ ಒಂದೊಂದು ತಂಡದ ಹಕ್ಕಿಗೆ ಸುಮಾರು 2 ಕೋಟಿ ಡಾಲರ್ ತೆತ್ತವರಿದ್ದರು; 2023ರಲ್ಲಿ ಅದು ಮುಚ್ಚಿಹೋಯಿತು. ಫಿಲಡೆಲ್ಫಿಯಾ ನಗರದಲ್ಲಿ 5 ಕೋಟಿ ಡಾಲರ್ ವೆಚ್ಚದ, 3,500 ಆಸನಗಳ ಇ-ಕ್ರೀಡಾಂಗಣವನ್ನು ಕಟ್ಟುವುದಾಗಿ 2019ರಲ್ಲಿ ಘೋಷಿಸಲಾಯಿತು. ಅದು ಮೇಲೇಳಲೇ ಇಲ್ಲ. 2022ರಲ್ಲಿ ಸುಮಾರು 72 ಕೋಟಿ ಡಾಲರ್ ಬೆಲೆ ಕಟ್ಟಲ್ಪಟ್ಟ ‘ಫೇಜ಼್ ಕ್ಲಾನ್’ ಸಂಸ್ಥೆಯು ಮರುವರ್ಷವೇ ಸುಮಾರು 1.7 ಕೋಟಿ ಡಾಲರಿಗೆ ಪರರ ಪಾಲಾಗುವ ಒಪ್ಪಂದಕ್ಕೆ ಬಂತು.

ಲಾಭಕ್ಕೆಂದು ಬಂದ ಹಣ ಲಾಭ ಕಾಣದಿದ್ದರೆ ಹಿಂದಿರುಗುವುದು ಸಹಜ. ಅದನ್ನು ದೂರಿ ಫಲವಿಲ್ಲ. ಆದರೆ ಹೂಡಿಕೆಯೇ ಬೇರೆ, ದಾಸೋಹವೇ ಬೇರೆ ಎಂಬ ವಿವೇಕ ನಮಗಿರಬೇಕು. ತೆಂಗಿನ ಸಸಿ ನೆಟ್ಟವನು ಫಲಕ್ಕಾಗಿ ಆರೇಳು ವರ್ಷ ಕಾಯುತ್ತಾನೆ; ಕಾಯಿಯನ್ನು ಅಟ್ಟಕ್ಕೇರಿಸಿ ಉಂಡೆ ಕೊಬ್ಬರಿಯಾಗಲು ಮತ್ತೊಂದು ವರ್ಷ ಕಾಯುತ್ತಾನೆ. ಮಕ್ಕಳನ್ನು ಬೆಳೆಸುವುದಕ್ಕೂ ಅಂತಹ ತಾಳ್ಮೆಯ ಹಣವೇ ಬೇಕು.

ಆದುದರಿಂದ ಶಾಲೆಗೆ ಆಟದ ಕೊಠಡಿಯನ್ನು ಕೊಡಿಸಬಯಸುವ ದಾನಿಗಳಲ್ಲಿ ಹಾಗೂ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಆ ಹಣದಿಂದ ಮೊದಲು ಮೈದಾನವನ್ನು ಉಳಿಸಿರಿ, ವ್ಯಾಯಾಮ ಶಿಕ್ಷಕರಿಗೆ ನೆರವಾಗಿರಿ. ಗಣಕಯಂತ್ರಗಳನ್ನು ಕೊಡುವುದಾದರೆ, ಆಟ ಆಡುವುದನ್ನಷ್ಟೇ ಅಲ್ಲದೆ ಆಟವನ್ನು ರಚಿಸುವ ವಿದ್ಯೆಯನ್ನೂ ಕಲಿಸಲು ಕೊಡಿರಿ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಗಳಿಗಾಗಿ 2024ರಿಂದ 2029ರವರೆಗಿನ ನೀತಿಯನ್ನು ರೂಪಿಸಿರುವ ನಮ್ಮ ರಾಜ್ಯದಲ್ಲಿ ಆ ವಿದ್ಯೆಗೆ ಅವಕಾಶವಿದೆ. ಒಂದು ಆಟ ಮುಚ್ಚಿದರೂ ಅದನ್ನು ಕಟ್ಟಬಲ್ಲವನ ಕಾಯಕ ನಿಲ್ಲದು. ನಮ್ಮ ಮಕ್ಕಳು ಪರರ ಆಟದ ಕಾಯಿಗಳಾಗದೆ ಸ್ವಂತ ಕಾಯಕದ ಒಡೆಯರಾಗಲೆಂಬುದೇ ನನ್ನ ಹಾರೈಕೆ.