ಉರುಳುವ ಸರ್ಕಾರಗಳು, ಅಲುಗದ ನಾಯಕರು

ನೇಪಾಳದ ಈಗಿನ ಸಂವಿಧಾನ ಜಾರಿಗೆ ಬಂದದ್ದು 2015ರ ಸೆಪ್ಟೆಂಬರ್ 20ರಂದು. ಮರುತಿಂಗಳು ಪ್ರಧಾನಿ ಬದಲಾದರು. ಅಲ್ಲಿಂದ 2025ರ ಸೆಪ್ಟೆಂಬರಿನವರೆಗೆ ಏಳು ಸರದಿ ಆಡಳಿತ ನಡೆಯಿತು. ಈ ಏಳೂ ಸರದಿಯಲ್ಲಿ ಪ್ರಧಾನಿಯಾದವರು ಮೂವರೇ: ಕೆ.ಪಿ. ಶರ್ಮಾ ಓಲಿ, ಪ್ರಚಂಡ ಎಂದೇ ಹೆಸರಾದ ಪುಷ್ಪಕಮಲ ದಹಾಲ್ ಮತ್ತು ಶೇರ್ ಬಹಾದೂರ್ ದೇವುಬಾ. ನೇಪಾಳದ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ‘ಅಸ್ಥಿರತೆ’ ಎಂದು ಬರೆಯುತ್ತವೆ. ಹತ್ತು ವರ್ಷ ಮೂರೇ ಮುಖಗಳು ಕಾಣಿಸಿಕೊಂಡ ರಾಜಕೀಯವನ್ನು ಅಷ್ಟಕ್ಕೇ ಅಸ್ಥಿರ ಎಂದು ಹೇಳಿ ಮುಗಿಸುವುದು ಸರಿಯೇ? ಅಲ್ಲಿ ಸರ್ಕಾರಗಳು ನಿಲ್ಲಲಿಲ್ಲ, ನಾಯಕರು ಕದಲಲಿಲ್ಲ. ಎರಡನೆಯದೇ ಮೊದಲನೆಯದಕ್ಕೆ ಮುಖ್ಯ ಕಾರಣ ಎಂಬುದು ನನ್ನ ವಾದ.

ಸ್ಥಿರತೆ ಎಂದರೆ ಒಬ್ಬನೇ ಬಹುಕಾಲ ಆಳುವುದು ಎಂದು ತಿಳಿದರೆ, ನೇಪಾಳ ಅದನ್ನು ಹಿಂದೆಯೇ ಪಡೆದಿತ್ತು. 1959ರ ಚುನಾವಣೆಯಲ್ಲಿ ಬಿ.ಪಿ. ಕೊಯಿರಾಲ ಅವರ ನೇಪಾಳಿ ಕಾಂಗ್ರೆಸ್ಸಿಗೆ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಸ್ಥಾನ ಬಂದಿತು. 1960ರ ಡಿಸೆಂಬರಿನಲ್ಲಿ ದೊರೆ ಮಹೇಂದ್ರ ಆ ಸರ್ಕಾರವನ್ನು ಕಿತ್ತುಹಾಕಿ, ಕೊಯಿರಾಲ ಅವರನ್ನು ಎಂಟು ವರ್ಷ ಸೆರೆಯಲ್ಲಿಟ್ಟ. ಪಕ್ಷಗಳ ಮೇಲೆ ನಿಷೇಧ ಬಿತ್ತು. ಹೀಗೆ ಶುರುವಾದ ಪಂಚಾಯತಿ ವ್ಯವಸ್ಥೆ 1990ರವರೆಗೆ ನಡೆಯಿತು. ಹೆಸರು ಮಾತ್ರ ಪಂಚಾಯತಿ, ಅಧಿಕಾರವೆಲ್ಲ ಅರಮನೆಯದು. ಹೊರಗಿನಿಂದ ನೋಡಿದವರಿಗೆ ಮೂವತ್ತು ವರ್ಷ ನೆಮ್ಮದಿ ಕಾಣುತ್ತಿತ್ತು. ಆದರೆ ರೋಲ್ಪಾ, ರುಕುಮ್‌ನಂಥ ಗುಡ್ಡಗಾಡು ಜಿಲ್ಲೆಗಳಲ್ಲಿ ಜನರ ಅಹವಾಲು ಕೇಳುವವರು ಇರಲಿಲ್ಲ. 1990ರ ಪ್ರಜಾಪ್ರಭುತ್ವವೂ ಅಲ್ಲಿಯವರೆಗೆ ಸರಿಯಾಗಿ ತಲುಪಲಿಲ್ಲ. 1996ರ ಫೆಬ್ರುವರಿಯಲ್ಲಿ ಮಾವೋವಾದಿಗಳ ಯುದ್ಧ ಅಲ್ಲಿಂದಲೇ ಹೊತ್ತಿಕೊಂಡಿತು. 2006ರ ನವೆಂಬರಿನಲ್ಲಿ ಶಾಂತಿ ಒಪ್ಪಂದವಾಗುವ ಹೊತ್ತಿಗೆ ಸುಮಾರು 17 ಸಾವಿರ ಜನ ಸತ್ತಿದ್ದರು. ಮೂವತ್ತು ವರ್ಷ ಅದುಮಿಟ್ಟದ್ದು ಎಲ್ಲಿಗೂ ಹೋಗಿರಲಿಲ್ಲ. ಈಗ ಕಾಠ್ಮಂಡುವಿನಲ್ಲಿ ಅರಸನೇ ಮರಳಿ ಬರಲಿ ಎಂದು ಮೆರವಣಿಗೆ ಮಾಡುವವರು ಈ ಲೆಕ್ಕವನ್ನು ಬಿಟ್ಟು ಮಾತಾಡುತ್ತಾರೆ. ಕೊನೆಯ ದೊರೆ ಜ್ಞಾನೇಂದ್ರ 2005ರ ಫೆಬ್ರುವರಿಯಲ್ಲಿ ಟೆಲಿಫೋನ್ ತಂತಿಗಳನ್ನು ಸ್ತಬ್ಧಗೊಳಿಸಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡ. ಮರುವರ್ಷದ ಏಪ್ರಿಲಿನಲ್ಲಿ ಬೀದಿಗಿಳಿದ ಜನರಿಗೆ ತಲೆಬಾಗಿದ.

ಒಬ್ಬನ ಆಳ್ವಿಕೆ ಬಿಟ್ಟರೆ ಅಸ್ಥಿರತೆಗೆ ಹೇಳುವ ಎರಡನೆಯ ಮದ್ದು ಬಹುಮತ. ಸಮ್ಮಿಶ್ರ ಸರ್ಕಾರಗಳೇ ಎಲ್ಲ ಕೇಡಿಗೂ ಮೂಲ, ಒಂದೇ ಪಕ್ಷಕ್ಕೆ ಗಟ್ಟಿ ಬಹುಮತ ಸಿಕ್ಕಿಬಿಟ್ಟರೆ ದೇಶ ದಡ ಸೇರುತ್ತದೆ ಎನ್ನುವ ಮಾತು ನಮ್ಮಲ್ಲೂ ಸಾಕಷ್ಟು ಚಾಲ್ತಿಯಲ್ಲಿದೆ. ನೇಪಾಳ ಇದನ್ನೂ ಕಂಡಿತು. ಸಂವಿಧಾನ ಬರೆದವರು ಸರ್ಕಾರ ಬೀಳಿಸುವ ಆಟಕ್ಕೆ ಹೆದರಿ, ಪ್ರಧಾನಿಯಾದವರ ಮೇಲೆ ಮೊದಲ ಎರಡು ವರ್ಷ ಅವಿಶ್ವಾಸ ಮಂಡಿಸಬಾರದು ಎಂಬ ಬೀಗವನ್ನೂ ಹಾಕಿದ್ದರು. 2018ರಲ್ಲಿ ಓಲಿ ಮತ್ತು ಪ್ರಚಂಡರ ಪಕ್ಷಗಳು ಒಂದಾಗಿ, 275 ಸ್ಥಾನಗಳ ಸಂಸತ್ತಿನಲ್ಲಿ ಮೂರರಲ್ಲಿ ಎರಡು ಭಾಗದ ಹತ್ತಿರ ಬಂದವು. ಇಷ್ಟೆಲ್ಲ ಇದ್ದೂ 2020ರ ಡಿಸೆಂಬರಿನಲ್ಲಿ ಓಲಿ ತಮ್ಮ ಕೈಯಾರೆ ಸಂಸತ್ತನ್ನು ವಿಸರ್ಜಿಸಿದರು. ವಿರೋಧ ಪಕ್ಷ ಅವರನ್ನು ಮೂಲೆಗೆ ತಳ್ಳಿರಲಿಲ್ಲ. ಒಂದೇ ಪಕ್ಷದೊಳಗೆ ಇಬ್ಬರು ಹಿರಿಯರು ಒಂದು ಕುರ್ಚಿಗೆ ಜಗಳಾಡಿದರು, ಅದರ ದಂಡವನ್ನು ದೇಶ ತೆತ್ತಿತು. ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಸಂಸತ್ತನ್ನು ಮರುಸ್ಥಾಪಿಸಿತು. ಮೇ ತಿಂಗಳಲ್ಲಿ ಮತ್ತೊಮ್ಮೆ ವಿಸರ್ಜನೆ, ಜುಲೈಯಲ್ಲಿ ಮತ್ತೊಮ್ಮೆ ಕೋರ್ಟಿನ ತೀರ್ಪು.

ಪಕ್ಷದೊಳಗೆ ನಾಯಕನನ್ನು ಬದಲಿಸುವ ದಾರಿ ಮುಚ್ಚಿಹೋದರೆ ಬದಲಾವಣೆಯ ಒತ್ತಡ ಸಂಸತ್ತಿನ ಮೇಲೆ ಬೀಳುತ್ತದೆ. ಸಂಸತ್ತೂ ಸೋತರೆ ಬೀದಿಗೆ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಆದದ್ದು ಇದೇ. ಆ ತಿಂಗಳ ಮೊದಲ ವಾರ ಓಲಿಯವರ ಪಕ್ಷ ಅಧಿವೇಶನ ನಡೆಸಿ, ನಾಯಕರಿಗಿದ್ದ 70 ವರ್ಷದ ವಯೋಮಿತಿಯನ್ನೂ ಎರಡೇ ಅವಧಿಯ ಕಟ್ಟಳೆಯನ್ನೂ ತೆಗೆದುಹಾಕಿತು. ಅದೇ ವಾರ ಸರ್ಕಾರ ಫೇಸ್‌ಬುಕ್, ವಾಟ್ಸ್ಆ್ಯಪ್, ಯೂಟ್ಯೂಬ್ ಸೇರಿ 26 ಜಾಲತಾಣಗಳನ್ನು ನಿರ್ಬಂಧಿಸಿತು. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ ಜಿಡಿಪಿಯ ಸುಮಾರು ಕಾಲು ಭಾಗದಷ್ಟಿರುವ ದೇಶವದು. ದೋಹಾದಲ್ಲಿ ಗಾರೆ ಕೆಲಸ ಮಾಡುವ ಅಪ್ಪ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಪಾಳಿ ಕಾಯುವ ಅಣ್ಣ, ಇವರ ಮುಖ ಮನೆಯವರಿಗೆ ಕಾಣುತ್ತಿದ್ದದ್ದೇ ಆ ಫೋನಿನಲ್ಲಿ. ಅದೇ ಫೋನಿನಲ್ಲಿ ನಾಯಕರ ಮಕ್ಕಳ ಐಷಾರಾಮದ ಚಿತ್ರಗಳೂ ಓಡಾಡುತ್ತಿದ್ದವು. ಸೆಪ್ಟೆಂಬರ್ 8ರಂದು ಪ್ರತಿಭಟನೆಗಿಳಿದ ಹುಡುಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಂದೇ ದಿನ 19 ಜನ ಸತ್ತರು. ಮರುದಿನ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನ, ಸಚಿವಾಲಯವಿರುವ ಸಿಂಹದರ್ಬಾರ್, ಸುಪ್ರೀಂ ಕೋರ್ಟು, ಎಲ್ಲಕ್ಕೂ ಬೆಂಕಿ ಬಿತ್ತು. ಹುಡುಗರ ಸಿಟ್ಟು ನ್ಯಾಯವಾದದ್ದು. ಅವರನ್ನು ಕೊಂದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ಕೋರ್ಟು ಸುಟ್ಟದ್ದನ್ನು ಒಪ್ಪಲಾರೆ. ಅದಕ್ಕೆ ನಾಲ್ಕು ವರ್ಷ ಮೊದಲು ಪ್ರಧಾನಿಯ ಕೈ ಹಿಡಿದು ನಿಲ್ಲಿಸಿದ್ದು ಆ ಕೋರ್ಟೇ. ಬೆಂಕಿಯಲ್ಲಿ ಹೋದದ್ದು ಆಳುವವರ ಆಸ್ತಿಯಲ್ಲ, ಬಡವರ ಮೊಕದ್ದಮೆಗಳ ಕಡತ.

ಅದೇ ವಾರ ಕಂಡ ಬೇರೊಂದು ಸಂಗತಿ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಕಟ್ಟಡ ಸುಟ್ಟ ಕೆಲವೇ ದಿನಗಳಲ್ಲಿ ಕೋರ್ಟಿನ ಅಂಗಳದಲ್ಲಿ ಡೇರೆಗಳೆದ್ದವು, ಅವುಗಳ ಕೆಳಗೆ ಕೆಲಸ ಮತ್ತೆ ಶುರುವಾಯಿತು. ಸೇನೆ ಬೀದಿಗೆ ಬಂತಾದರೂ ಸಿಂಹಾಸನಕ್ಕೆ ಕೈ ಹಾಕಲಿಲ್ಲ. ಸೆಪ್ಟೆಂಬರ್ 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. 2026ರ ಮಾರ್ಚ್ 5ಕ್ಕೆ ಚುನಾವಣೆ ಗೊತ್ತಾಯಿತು. ಸಂಸತ್ತಿನ ಸದಸ್ಯರಲ್ಲದವರು ಪ್ರಧಾನಿಯಾದದ್ದು ಸಂವಿಧಾನದ ಅಕ್ಷರಕ್ಕೆ ಒಗ್ಗುವುದಿಲ್ಲ ಎಂಬ ಆಕ್ಷೇಪ ಬಲವಾದದ್ದೇ. ಆದರೂ ದೇಶ ಅವರನ್ನು ಒಪ್ಪಿತು. 2017ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಆಳುವ ಪಕ್ಷಗಳು ಮಹಾಭಿಯೋಗ ತಂದು ಅವರನ್ನು ಇಳಿಸಲು ಹೊರಟಿದ್ದವು. ಅಂಥವರನ್ನು ಜನ ನಂಬಿದ್ದು ಒಂದು ಪದವಿ ತನ್ನ ಮರ್ಯಾದೆ ಉಳಿಸಿಕೊಂಡಿದ್ದರಿಂದ.

ಕೋರ್ಟಿನ ಮಾತಿಗೆ ಸರ್ಕಾರ ಬಗ್ಗಿದ ಒಂದು ಪ್ರಕರಣ ಕನ್ನಡಿಗರಿಗೆ ನೆನಪಿರಬಹುದು. ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರಾದ ಮೂಲ ಭಟ್ಟರು ಬಹುಕಾಲದಿಂದ ದಕ್ಷಿಣ ಭಾರತದವರು, ಅದರಲ್ಲೂ ನಮ್ಮ ಕರ್ನಾಟಕದವರು. ಗಣರಾಜ್ಯವಾದ 2008ರ ಕೊನೆಯಲ್ಲಿ ಪ್ರಚಂಡರ ಸರ್ಕಾರ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಕೋರ್ಟು ತಡೆ ಕೊಟ್ಟಿತು, ಜನರೂ ಪ್ರತಿಭಟಿಸಿದರು, ಸರ್ಕಾರ ಹಿಂದೆ ಸರಿಯಿತು. ಸ್ವಂತ ದೇಶದ ಅರ್ಚಕರು ಬೇಕು ಎನ್ನುವುದು ತಪ್ಪು ಬೇಡಿಕೆಯಲ್ಲ. ಆದರೆ ಅಧಿಕಾರ ಸಿಕ್ಕಿತೆಂದು ರಾತ್ರೋರಾತ್ರಿ ಮಾಡುವ ಬದಲಾವಣೆ ಮುಂದಿನ ಅಧಿಕಾರ ಬರುವವರೆಗೂ ಬಾಳುವುದಿಲ್ಲ.

ಬಾಳಿದ ಬದಲಾವಣೆ ನೋಡಬೇಕೆಂದರೆ ವಾರ್ಡ್ ಕಚೇರಿಗೆ ಹೋಗಬೇಕು. 1997ರಿಂದ ಇಪ್ಪತ್ತು ವರ್ಷ ಸರಿಯಾದ ಸ್ಥಳೀಯ ಚುನಾವಣೆಯೇ ನಡೆಯದ ದೇಶದಲ್ಲಿ 2017ರಲ್ಲಿ 753 ಪಾಲಿಕೆಗಳು ಹುಟ್ಟಿದವು. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು; ಆ ನಾಲ್ವರಲ್ಲಿ ಇಬ್ಬರು ಮಹಿಳೆಯರು, ಒಬ್ಬಾಕೆ ದಲಿತಳಾಗಿರಬೇಕು. ಹೀಗೆ ಒಂದೇ ಸಲಕ್ಕೆ ಆರು ಸಾವಿರಕ್ಕೂ ಹೆಚ್ಚು ದಲಿತ ಮಹಿಳೆಯರು ಅಧಿಕಾರಕ್ಕೆ ಬಂದರು. ಪಾಲಿಕೆಯ ಉಪಾಧ್ಯಕ್ಷರು, ಹೆಚ್ಚಿನವರು ಹೆಂಗಸರೇ, ನ್ಯಾಯ ಸಮಿತಿಯ ಮುಖ್ಯಸ್ಥರು. ಬದುವಿನ ಜಗಳ, ಕಾಲುವೆ ನೀರಿನ ಸರದಿ, ಕೊಡದೆ ಉಳಿಸಿಕೊಂಡ ಕೂಲಿ ಅವರ ಮುಂದೆ ಬರುತ್ತವೆ. ಜನನ ದಾಖಲೆಗೂ ಪೌರತ್ವದ ಶಿಫಾರಸಿಗೂ ಜನ ಹೋಗುವುದು ವಾರ್ಡಿಗೆ. ಅಲ್ಲೂ ಲಂಚವಿದೆ, ಗುತ್ತಿಗೆದಾರರ ಹಿಡಿತವಿದೆ. ಆದರೆ ಅದನ್ನು ಕೇಳಲು ಕಾಠ್ಮಂಡುವಿಗೆ ಬಸ್ಸು ಹತ್ತಬೇಕಿಲ್ಲ. ಮೇಲೆ ಮೂವರು ಕುರ್ಚಿಯಾಟದಲ್ಲಿ ಮುಳುಗಿದ್ದ ಕಾಲದಲ್ಲೇ, 2022ರ ಮೇ ತಿಂಗಳಲ್ಲಿ, ಎರಡನೆಯ ಸ್ಥಳೀಯ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಿತು. ಸೋತವರು ಮನೆಗೆ ಹೋದರು, ಗೆದ್ದವರು ಕಚೇರಿಗೆ ಬಂದರು. ನಾನು ಸ್ಥಿರತೆ ಎನ್ನುವುದು ಇದನ್ನೇ.

ಸ್ಥಳೀಯ ಆಡಳಿತದ ಈ ಬದಲಾವಣೆಯನ್ನು ಪೂರ್ತಿ ಮಾಡಲು ಕಾಠ್ಮಂಡು ಬಿಡಲಿಲ್ಲ. ಸಂಯುಕ್ತ ವ್ಯವಸ್ಥೆಯ ಸರ್ಕಾರಿ ನೌಕರರ ಕಾನೂನು ವರ್ಷಗಟ್ಟಲೆ ಸಂಸತ್ತಿನಲ್ಲೇ ಕೊಳೆಯಿತು. ಪಾಲಿಕೆಯ ಮುಖ್ಯ ಆಡಳಿತಾಧಿಕಾರಿಯ ವರ್ಗಾವಣೆ ಈಗಲೂ ರಾಜಧಾನಿಯ ಕೈಯಲ್ಲಿದೆ. ಆರಿಸಿ ಬಂದ ಅಧ್ಯಕ್ಷೆ ಮಾಡಿದ ಯೋಜನೆ ಅಧಿಕಾರಿ ಎದ್ದುಹೋದ ದಿನ ನಿಂತುಬಿಡುತ್ತದೆ. ಯಾವ ಪಕ್ಷ ಗೆದ್ದರೂ ನಾನು ಮೊದಲು ನೋಡುವುದು ಪ್ರಧಾನಿಯ ಹೆಸರನ್ನಲ್ಲ, ಆ ಕಾನೂನನ್ನು ಎಷ್ಟು ಬೇಗ ಜಾರಿ ಮಾಡುತ್ತಾರೆ ಎಂಬುದನ್ನು. ಅದರ ಜೊತೆಗೆ, ಸೋತ ಪಕ್ಷಗಳ ಅಧಿವೇಶನಗಳಲ್ಲಿ ವೇದಿಕೆಯ ಮೇಲೆ ಯಾರು ಕುಳಿತಿದ್ದಾರೆ ಎಂಬುದನ್ನು.