ಸಣ್ಣ ವ್ಯಾಪಾರಿಗೆ ಲೆಕ್ಕವೇ ರಕ್ಷೆ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನೇ ಆಧಾರವಾಗಿಟ್ಟುಕೊಂಡು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆ ಕೇಳಲಾಗಿತ್ತು. ನೋಡನೋಡುತ್ತಿದ್ದಂತೆ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ಅರ್ಹರೆಲ್ಲ ನೋಂದಾಯಿಸಿಕೊಳ್ಳಬೇಕು ಎಂದ ಮೇಲೆ ಗದ್ದಲ ತಣ್ಣಗಾಯಿತು. ವ್ಯಾಪಾರಿಗಳ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅವರು ಹಿಡಿದ ದಾರಿ ತಪ್ಪು. ಸಣ್ಣ ವ್ಯಾಪಾರಿಯ ತೆರಿಗೆ ಹೊರೆ ಇಳಿಸುವ ಶಕ್ತಿ ನಗದಿಗಿಲ್ಲ; ಅದು ಇರುವುದು ದಿನದಿನದ ಲೆಕ್ಕಕ್ಕೆ.

ಕಾನೂನು ಏನು ಹೇಳುತ್ತದೆ ನೋಡೋಣ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಹೋಟೆಲ್ ಸೇರಿದಂತೆ ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ತಾಜಾ ತರಕಾರಿ, ಹಾಲಿನಂಥ ವಿನಾಯಿತಿ ಪಡೆದ ವಸ್ತುಗಳನ್ನಷ್ಟೇ ಮಾರುವವರಿಗೆ ಎಷ್ಟೇ ವಹಿವಾಟಾದರೂ ಈ ನೋಂದಣಿ ಬೇಕಿಲ್ಲ. ತೊಡಕು ಇರುವುದು ಎರಡನ್ನೂ ಮಾರುವ ಅಂಗಡಿಯಲ್ಲಿ. ಹಾಲಿನ ಜೊತೆಗೆ ಬಿಸ್ಕತ್ತು, ಸಿಗರೇಟು, ಐಸ್‌ಕ್ರೀಂ ಇಟ್ಟರೆ ಹಾಲಿನ ಮಾರಾಟವೂ 40 ಲಕ್ಷದ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಆದರೆ ತೆರಿಗೆಯ ಲೆಕ್ಕವೇ ಬೇರೆ. 1.5 ಕೋಟಿ ರೂಪಾಯಿವರೆಗೆ ವಹಿವಾಟಿರುವ ವ್ಯಾಪಾರಿ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಿದರೆ ಕಟ್ಟಬೇಕಾದದ್ದು ಶೇ 1 ಮಾತ್ರ, ಅದೂ ತೆರಿಗೆ ಅನ್ವಯವಾಗುವ ಸರಕಿನ ಮೇಲೆ. ಅಂಗಡಿಯೊಂದರ ವಹಿವಾಟು 60 ಲಕ್ಷ, ಅದರಲ್ಲಿ ಹಾಲು 35 ಲಕ್ಷ ಎಂದಿಟ್ಟುಕೊಳ್ಳಿ. ಹಾಲಿನ ಲೆಕ್ಕ ಬೇರೆ ಬರೆದಿಟ್ಟವರು ಉಳಿದ 25 ಲಕ್ಷಕ್ಕೆ ವರ್ಷಕ್ಕೆ 25 ಸಾವಿರ ರೂಪಾಯಿ ಕಟ್ಟಿದರೆ ಮುಗಿಯಿತು. ಬರೆದಿಡದವರಿಗೆ 60 ಲಕ್ಷದಲ್ಲಿ ಎಲ್ಲವೂ ತೆರಿಗೆಯ ಸರಕಿನದಲ್ಲ ಎಂದು ಸಾಧಿಸುವುದೇ ಪಾಡಾಗುತ್ತದೆ. ಈ ಪದ್ಧತಿಯಲ್ಲಿ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆಯೂ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುವುದಿಲ್ಲ, ನಿಜ. ಆದರೆ ನೇರವಾಗಿ ಜನರಿಗೆ ಮಾರುವ ಸಣ್ಣ ಅಂಗಡಿಗೆ ಇದಕ್ಕಿಂತ ಸರಳ ದಾರಿ ಸದ್ಯಕ್ಕಿಲ್ಲ.

ಆದಾಯ ತೆರಿಗೆಯ ಲೆಕ್ಕ ಹಾಕಿದರಂತೂ ಯುಪಿಐ ಭಯಕ್ಕೆ ಆಧಾರವೇ ಇಲ್ಲ. ಆದಾಯ ತೆರಿಗೆ ಕಾನೂನು ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಅವಕಾಶ ಕೊಟ್ಟಿದೆ. 2 ಕೋಟಿ ರೂಪಾಯಿವರೆಗಿನ ವಹಿವಾಟಿಗೆ, ನಗದು ಸ್ವೀಕೃತಿ ಶೇ 5 ಮೀರದಿದ್ದರೆ 3 ಕೋಟಿವರೆಗೆ, ಇದು ಅನ್ವಯ. ನಗದಾಗಿ ಬಂದ ಹಣದಲ್ಲಿ ಕನಿಷ್ಠ ಶೇ 8 ಲಾಭವೆಂದು ತೋರಿಸಬೇಕು. ಬ್ಯಾಂಕ್, ಯುಪಿಐ ಮೂಲಕ ಬಂದದ್ದಕ್ಕೆ ಶೇ 6 ಸಾಕು. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು, ಅದರಲ್ಲಿ ರಾಜಿಯಿಲ್ಲ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ. 90 ಲಕ್ಷ ವಹಿವಾಟಿನ ಅಂಗಡಿ ಪೂರ್ತಿ ಯುಪಿಐನಲ್ಲಿ ನಡೆದರೆ ಅಂದಾಜು ಲಾಭ 5.4 ಲಕ್ಷ, ತೆರಿಗೆ ಸೊನ್ನೆ. ವಹಿವಾಟು 1.8 ಕೋಟಿಯಾದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಅಷ್ಟೂ ಡಿಜಿಟಲ್ ಆದರೆ ಲಾಭ 10.8 ಲಕ್ಷ, ಬೇರೆ ಆದಾಯವಿಲ್ಲದ ವ್ಯಾಪಾರಿಗೆ ಆಗಲೂ ತೆರಿಗೆ ಇಲ್ಲ. ಅಷ್ಟೂ ನಗದಾದರೆ ಲಾಭ 14.4 ಲಕ್ಷ, ಸೆಸ್ ಸೇರಿ ತೆರಿಗೆ 99,840 ರೂಪಾಯಿ. ಕ್ಯೂಆರ್ ಕೋಡ್ ಕಿತ್ತು ಹಾಕಿದ ವ್ಯಾಪಾರಿ ಇಲಾಖೆಯಿಂದ ತಪ್ಪಿಸಿಕೊಂಡೆ ಎಂದುಕೊಂಡು ತನ್ನ ಮೇಲೆ ತಾನೇ ಹೆಚ್ಚಿನ ತೆರಿಗೆ ಹೇರಿಕೊಂಡಂತಾಯಿತು.

ನಗದನ್ನು ಲೆಕ್ಕಕ್ಕೇ ತರದಿದ್ದರೆ ಯಾವ ತೆರಿಗೆಯೂ ಇಲ್ಲವಲ್ಲ ಎಂಬ ಮಾತು ಬರುತ್ತದೆ. ಅದು ತೆರಿಗೆ ಯೋಜನೆಯಲ್ಲ, ವಂಚನೆ, ಜೊತೆಗೆ ದುಬಾರಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಸಾಲ ಬೇಕಾದಾಗ ಬ್ಯಾಂಕು ಕೇಳುವುದು ಖಾತೆಯ ವಹಿವಾಟು ಮತ್ತು ರಿಟರ್ನ್‌ಗಳನ್ನೇ. ಅವೆರಡೂ ಇಲ್ಲದವರು ಮೀಟರ್ ಬಡ್ಡಿಗೆ ಕೈಯೊಡ್ಡಬೇಕಾಗುತ್ತದೆ. ಅಲ್ಲಿ ಕಳೆದುಕೊಳ್ಳುವ ಹಣ ತೆರಿಗೆಗಿಂತ ಎಷ್ಟೋ ಪಾಲು ದೊಡ್ಡದು.

ಅಂದಾಜು ಲಾಭದ ಪದ್ಧತಿಯಲ್ಲಿ ಲೆಕ್ಕದ ಪುಸ್ತಕವೇ ಬೇಕಿಲ್ಲವೆಂದ ಮೇಲೆ ಈ ಬರವಣಿಗೆಯ ಉಸಾಬರಿ ಏಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಉತ್ತರ 2025ರ ನೋಟಿಸ್‌ಗಳಲ್ಲೇ ಇದೆ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ಕೈಸಾಲ, ಚೀಟಿ ದುಡ್ಡು, ಮಕ್ಕಳು ಕಳಿಸಿದ್ದು ಅದರಲ್ಲಿ ಸೇರಿದೆ ಎಂದು ಎಷ್ಟೋ ಮಂದಿ ಗೋಳಾಡಿದರು. ಅದು ಸತ್ಯವೇ ಇರಬಹುದು. ಆದರೆ ಮನೆಗೂ ಅಂಗಡಿಗೂ ಒಂದೇ ಖಾತೆ ಇಟ್ಟುಕೊಂಡವರು ಆ ಸತ್ಯವನ್ನು ತೋರಿಸುವುದಾದರೂ ಹೇಗೆ? ತರಕಾರಿ ಮಾರಿದ್ದೇ ಹೌದು ಎನ್ನಲು ಮಂಡಿಯ ಖರೀದಿ ಚೀಟಿ ಬೇಕು. ಕಾನೂನು ಲೆಕ್ಕದ ಪುಸ್ತಕ ಕೇಳದಿರಬಹುದು, ನೋಟಿಸ್ ಬಂದ ದಿನ ಪುರಾವೆ ಕೇಳಿಯೇ ಕೇಳುತ್ತದೆ. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಆಡಿಟರ್ ಹಿಡಿಯಬೇಕಿಲ್ಲ. ವಿನಾಯಿತಿ ಸರಕಿನ ಮಾರಾಟ, ಉಳಿದ ಮಾರಾಟ, ಖರೀದಿ, ಖರ್ಚು ಎಂದು ನಾಲ್ಕು ಕಾಲಂ ಎಳೆದ ನೋಟ್‌ಬುಕ್ಕು ಸಾಕು.

ಲೆಕ್ಕವೇ ರಕ್ಷೆ ಎಂಬ ತತ್ವ ಸಂಬಳದಾರರಿಗೂ ಅನ್ವಯ. ಮಾರ್ಚ್ ಬಂತೆಂದರೆ ‘ತೆರಿಗೆ ಉಳಿಯುತ್ತದೆ’ ಎಂಬ ಒಂದೇ ಮಾತಿಗೆ ಇಪ್ಪತ್ತು ವರ್ಷದ ವಿಮಾ ಪಾಲಿಸಿಗೆ ಸಹಿ ಹಾಕುವವರು ಇಂದಿಗೂ ಇದ್ದಾರೆ. ಹೊಸ ಪದ್ಧತಿಯಲ್ಲಿರುವವರಿಗೆ ವಿಮಾ ಕಂತಿನ ಕಡಿತವೇ ಇಲ್ಲ. 75 ಸಾವಿರದ ಪ್ರಮಾಣಿತ ಕಡಿತ ಸೇರಿಸಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೂ ಇಲ್ಲ. ಉಳಿಸಲು ತೆರಿಗೆಯೇ ಇಲ್ಲದವರಿಗೆ ಆ ಪಾಲಿಸಿ ಏನನ್ನು ಉಳಿಸೀತು? ಗೃಹಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ ದೊಡ್ಡದಿರುವವರಿಗೆ ಹಳೆಯ ಪದ್ಧತಿ ಲಾಭವಾಗಬಹುದು. ವರ್ಷದ ಆರಂಭದಲ್ಲೇ ಎರಡೂ ರೀತಿ ಲೆಕ್ಕ ಹಾಕಿದರೆ ಮಾತ್ರ ಅದು ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರದ ಹೊಣೆ ಕಡಿಮೆಯಾಗುವುದಿಲ್ಲ. ವಹಿವಾಟು ಮಿತಿ ದಾಟಿದ್ದು 2021-22ರಲ್ಲೇ ಗೊತ್ತಾಗುವಂತಿದ್ದರೂ ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಬಡ್ಡಿ, ದಂಡದ ಬೆದರಿಕೆಯೊಂದಿಗೆ ಒಮ್ಮೆಲೇ ಬಾಗಿಲು ತಟ್ಟಿದ್ದು ಆಡಳಿತದ ವೈಫಲ್ಯ. ವಹಿವಾಟು 30 ಲಕ್ಷ ಮುಟ್ಟುತ್ತಿದ್ದಂತೆ ಕನ್ನಡದಲ್ಲಿ ಒಂದು ಸಂದೇಶ, ತಾಲ್ಲೂಕಿಗೊಂದು ಸಹಾಯ ಕೇಂದ್ರ, ಸಂತೆ ಮಾರುಕಟ್ಟೆಗಳಲ್ಲೇ ನೋಂದಣಿ ಶಿಬಿರ – ಇಷ್ಟನ್ನು ಇಲಾಖೆ ಮಾಡಲೇಬೇಕು. ತಿಳಿವಳಿಕೆ ಕೊಡದೆ ದಂಡ ಹಾಕುವುದು ಅನ್ಯಾಯ.

ಆದರೆ ಇಲಾಖೆ ಸುಧಾರಿಸುವವರೆಗೆ ವ್ಯಾಪಾರಿ ಕಾಯಬಾರದು. ಅಂಗಡಿಗೆಂದೇ ಬೇರೆ ಖಾತೆ ತೆರೆಯಿರಿ, ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. ಖರೀದಿ ಬಿಲ್ಲುಗಳನ್ನು ಆರು ವರ್ಷಕ್ಕೂ ಮೇಲ್ಪಟ್ಟು ಜೋಪಾನ ಮಾಡಿ. ತಿಂಗಳ ಕೊನೆಗೆ ಒಟ್ಟು ವಹಿವಾಟು ಕೂಡಿ, 40 ಲಕ್ಷಕ್ಕೆ ಎಷ್ಟು ದೂರವಿದೆ ನೋಡಿಕೊಳ್ಳಿ. ತೆರಿಗೆ ಬರುವಂತಿದ್ದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಕಟ್ಟಿಬಿಡಿ. ಕ್ಯೂಆರ್ ಕೋಡ್ ತೆಗೆದವರು ಅದನ್ನು ಮತ್ತೆ ಅಂಟಿಸಿ, ಪಕ್ಕದಲ್ಲೊಂದು ಲೆಕ್ಕದ ಪುಸ್ತಕ ಇಡಿ.