ಬಸಳೆ ಎಲೆಯ ಕೆಂಪು ಬೆಳಕು

ಉಡುಪಿ ಕಡೆಯ ಮನೆಗಳಲ್ಲಿ ಬಸಳೆ ಚಪ್ಪರಕ್ಕೆ ಬರವೇ? ನಾಲ್ಕು ಎಲೆ ಕೊಯ್ದು ಜಜ್ಜಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ. (ದೊಡ್ಡವರು ಜತೆಗಿರಲಿ, ಬೆಂಕಿ ಹತ್ತಿರ ಬೇಡ.) ಕತ್ತಲ ಕೋಣೆಯಲ್ಲಿ ಆ ಹಸಿರು ರಸಕ್ಕೆ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಹಿಡಿದು ಪಕ್ಕದಿಂದ ನೋಡಿ. ರಸ ಕೆಂಪಗೆ ಹೊಳೆಯುತ್ತದೆ!

ಇದು ಪತ್ರಹರಿತ್ತಿನ ಗುಣ. ಎಲೆಯೊಳಗಿದ್ದಾಗ ಅದು ಹೀರಿದ ಬೆಳಕು ಆಹಾರ ತಯಾರಿಗೆ ಹೋಗುತ್ತದೆ. ಹೊರಬಂದ ಮೇಲೆ ಆ ಕೆಲಸವಿಲ್ಲ. ಹೀರಿದ ಶಕ್ತಿಯಲ್ಲಿ ಒಂದು ಪಾಲು ಕೆಂಪು ಬೆಳಕಾಗುತ್ತದೆ, ಇನ್ನೊಂದು ಪಾಲು ಪಕ್ಕದ ಆಮ್ಲಜನಕಕ್ಕೆ ದಾಟುತ್ತದೆ. ಹಾಗೆ ಕೆರಳಿದ ಆಮ್ಲಜನಕ ಜೀವಕೋಶವನ್ನೇ ಕೊಲ್ಲಬಲ್ಲದು. ಬಣ್ಣ ಮತ್ತು ಬೆಳಕು ಸೇರಿದರೆ ಸೂಕ್ಷ್ಮಜೀವಿ ಸಾಯುತ್ತದೆಂದು ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲೇ ತೋರಿಸಿದ್ದ. ಅದೇ ಉಪಾಯವನ್ನು ಕ್ಯಾನ್ಸರ್ ಗೆಡ್ಡೆಯ ಮೇಲೆ ಹೂಡುವುದೇ ಬೆಳಕಿನ ಚಿಕಿತ್ಸೆ.

1993ರಲ್ಲಿ ಕೆನಡಾ ಒಪ್ಪಿದ ಫೋಟೋಫ್ರಿನ್ ಔಷಧಿ ರಕ್ತದ ಬಣ್ಣದಿಂದ ಬಂದದ್ದು. ರಕ್ತದ ಬಣ್ಣ, ಎಲೆಯ ಬಣ್ಣ ಎರಡೂ ದಾಯಾದಿಗಳು: ಅಲ್ಲಿ ನಡುವೆ ಕಬ್ಬಿಣ, ಇಲ್ಲಿ ಮೆಗ್ನೀಸಿಯಂ. ಆದರೆ ಆ ಮದ್ದು ಚರ್ಮದಲ್ಲಿ ಉಳಿದುಬಿಡುತ್ತದೆ. ರೋಗಿ ಕನಿಷ್ಠ 30 ದಿನ ಬಿಸಿಲಿಗೆ ಬರುವಂತಿಲ್ಲ. ಕಾಪುವಿನಲ್ಲಿ ದೋಣಿ ಇಳಿಸುವ ಮೀನುಗಾರನಿಗೆ ಅದೆಂಥ ಶಿಕ್ಷೆ! 2003ರಲ್ಲಿ ಜಪಾನ್ ಶ್ವಾಸಕೋಶದ ಆರಂಭದ ಕ್ಯಾನ್ಸರಿಗೆ ಒಪ್ಪಿದ ಟಾಲಾಪೋರ್ಫಿನ್ ಪತ್ರಹರಿತ್ತಿನ ಕುಲದ್ದು. ಅದರ ಬಿಸಿಲ ಪಥ್ಯ ಸುಮಾರು ಎರಡೇ ವಾರ.

ಇನ್ನು ನ್ಯಾನೋ ಮಾತು. ಪತ್ರಹರಿತ್ತು ನೀರಿನಲ್ಲಿ ಕರಗದು, ಹಾಗಾಗಿ ರಕ್ತದಲ್ಲಿ ಸಾಗಿಸುವುದು ಕಷ್ಟ. ಸೊಪ್ಪನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ, ಕುಕ್ಕರಿಗಿಂತಲೂ ಹೆಚ್ಚಾಗಿ ಸುಮಾರು 180 ಡಿಗ್ರಿಯಲ್ಲಿ, ಕೆಲವು ಗಂಟೆ ಬೇಯಿಸಿದರೆ ಇಂಗಾಲದ ಚುಕ್ಕೆಗಳು ಸಿಗುತ್ತವೆ. ಅಗಲ 10 ನ್ಯಾನೋಮೀಟರಿಗೂ ಕಡಿಮೆ. ಕೂದಲೆಳೆಯ ದಪ್ಪ ಅದರ ಸಾವಿರಾರು ಪಟ್ಟು. ಇವು ನೀರಿನಲ್ಲಿ ಬೆರೆಯುತ್ತವೆ. ಕೆಲವು ಬೆಳಕು ಬಿದ್ದಾಗ ಬಿಸಿಯಾಗಿ ಕೋಶವನ್ನು ಬೇಯಿಸುತ್ತವೆ, ಕೆಲವು ಆಮ್ಲಜನಕವನ್ನು ಕೆರಳಿಸುತ್ತವೆ. ಆದರೆ ಚುಕ್ಕೆಗಳ ಪ್ರಯೋಗ ಇನ್ನೂ ಕೋಶ, ಇಲಿಗಳ ಹಂತದಲ್ಲಿದೆ. ಆಸ್ಪತ್ರೆಯ ಮದ್ದಾಗಿಲ್ಲ.

ಇಷ್ಟು ಕೇಳಿ ಸೊಪ್ಪಿನ ರಸ ಕುಡಿದರೆ ಸಾಕೆಂದು ಹೊರಟವರು ನಮ್ಮಲ್ಲಿ ಕಡಿಮೆಯೇನಲ್ಲ. ಹೊಟ್ಟೆಗಿಳಿದ ರಸ ಜೀರ್ಣವಾಗುತ್ತದೆ. ಗೆಡ್ಡೆಯ ಮೇಲೆ ಬೆಳಕಂತೂ ಬೀಳುವುದೇ ಇಲ್ಲ. ಆ ಮನೆಮದ್ದಿನಲ್ಲಿ ಕಳೆದುಹೋಗುವ ತಿಂಗಳುಗಳೇ ಗೆಡ್ಡೆಗೆ ಬೇಕಾದ ಸಮಯ. ಕಾರ್ಕಳದಿಂದ ಮಣಿಪಾಲ ದೂರವಲ್ಲ. ಎಲೆಯಡಿಕೆ, ಹೊಗೆಸೊಪ್ಪು ಜಗಿಯುವ ಅಜ್ಜನ ಬಾಯಿಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ಬಸ್ಸು ಹತ್ತಿಸಬೇಕು. ಬಾಯಿಯ ಕ್ಯಾನ್ಸರನ್ನು ಲೇಸರ್ ಬೆಳಕಿನಿಂದ ಗುರುತಿಸುವ ಸಂಶೋಧನೆಯೂ ಮಣಿಪಾಲದಲ್ಲೇ ನಡೆದಿದೆ.

ಬೆಳಕಿನ ಚಿಕಿತ್ಸೆಗೆ ಬಾಯಿ, ಚರ್ಮ, ಅನ್ನನಾಳಗಳೇ ಯಾಕೆ ಅನುಕೂಲ? ಟಾರ್ಚಿನ ಮೇಲೆ ಅಂಗೈ ಮುಚ್ಚಿ ನೋಡಿ: ಬೆರಳ ಸಂದಿನಲ್ಲಿ ಹಾದುಬರುವುದು ಕೆಂಪು ಮಾತ್ರ. ಅದೂ ಮೈಯೊಳಗೆ ಕೆಲವು ಮಿಲಿಮೀಟರ್ ಇಳಿಯುವಷ್ಟರಲ್ಲಿ ಸೊರಗುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣ ತುಸು ಆಳಕ್ಕೆ ಹೋಗುತ್ತದೆ. ಸೊಪ್ಪಿನ ಚುಕ್ಕೆಗಳು ಆ ಕಿರಣವನ್ನೇ ಹೀರುವಂತೆ ಮಾಡುವುದು ಈಗ ಸಂಶೋಧಕರ ಕೈಯಲ್ಲಿರುವ ಕೆಲಸ.